ಮಳೆಗಾಲ ಬಿಟ್ಟು ನೋಡಬೇಕಾದ ಜಲಪಾತ

ಲೋವರ್ ಕಾಫ್ ಕ್ರೀಕ್ ಜಲಪಾತಕ್ಕೆ ನಾವು ಹೋಗಿದ್ದು ಎರಡು ಸಲ. ನೋಡಿದ್ದು ಒಂದೇ ಸಲ.

ಅಮೆರಿಕದ ಯೂಟಾ ರಾಜ್ಯದ ದಕ್ಷಿಣದಲ್ಲಿ, ಎಸ್ಕಲಾಂಟೆ ಮತ್ತು ಬೋಲ್ಡರ್ ಎಂಬ ಎರಡು ಪುಟ್ಟ ಊರುಗಳ ನಡುವೆ, ಹೈವೇ 12ರ ಪಕ್ಕದಲ್ಲೇ ಈ ಕಣಿವೆ ಇದೆ. ಸುತ್ತ ಬರೀ ಬಂಡೆ, ಮರುಭೂಮಿ. ದಾರಿಯ ಕೊನೆಯಲ್ಲಿ 126 ಅಡಿ ಎತ್ತರದಿಂದ ನೀರು ಬೀಳುತ್ತದೆ. ಹೋಗಿ ಬರಲು ಹೆಚ್ಚುಕಡಿಮೆ 10 ಕಿಲೋಮೀಟರ್, ದೊಡ್ಡ ಏರು ಇಲ್ಲ. ಲಾಸ್ ವೇಗಸ್‌ನ ಮನೆಯಲ್ಲಿ ಕೂತು ಲೆಕ್ಕ ಹಾಕಿದಾಗ ಎರಡೂವರೆ ಗಂಟೆ ಸಾಕು ಅನ್ನಿಸಿತ್ತು.

ಮೊದಲ ಸಲ ಹೋಗಿದ್ದು ಜುಲೈನಲ್ಲಿ. ತಲುಪಿದ್ದು ಬೆಳಗ್ಗೆ 11ಕ್ಕೆ. ಪಾರ್ಕಿಂಗ್ ಜಾಗ ಚಿಕ್ಕದು, ತುಂಬಿಹೋಗಿತ್ತು. ಅರ್ಧ ಗಂಟೆ ಕಾದು ಹೊರಟೆವು, ತಲಾ ಒಂದು ಲೀಟರ್ ನೀರು ಹಿಡಿದುಕೊಂಡು. ದಾರಿಯ ತುಂಬ ಸಡಿಲ ಮರಳು. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಮೇಲಿಂದ ಬಿಸಿಲು, ಪಕ್ಕದಿಂದ ಬಂಡೆಯ ಕಾವು. ಅರ್ಧ ದಾರಿ ಮುಟ್ಟುವ ಮೊದಲೇ ನೀರು ಮುಗಿಯಿತು. ಹೆಂಡತಿ ನಿಂತುಬಿಟ್ಟಳು, "ಸಾಕು, ವಾಪಸ್ ಹೋಗೋಣ" ಅಂದಳು. ಅವಳ ಮಾತು ಕೇಳಿದ್ದು ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ.

ಎರಡನೇ ಸಲ ತೀರ್ಥಹಳ್ಳಿಯಿಂದ ಅಪ್ಪ ಬಂದಿದ್ದರು. ಜಲಪಾತ ನೋಡಲು ಅಕ್ಟೋಬರ್ ಯಾಕೆ ಅಂತ ಅವರಿಗೆ ಆಶ್ಚರ್ಯ. ನಮ್ಮ ಕಡೆ ಜೋಗ ನೋಡಲು ಮಳೆಗಾಲ ಕಾಯುತ್ತೇವೆ, ಅಲ್ವಾ? ಇಲ್ಲಿ ಮಳೆಗಾಲ ಬಿಟ್ಟು ಹೋಗಬೇಕು. ಈ ಹಳ್ಳ ಆಯಾ ದಿನದ ಮಳೆಯನ್ನು ನಂಬಿಕೊಂಡಿಲ್ಲ. ನವಾಹೋ ಸ್ಯಾಂಡ್‌ಸ್ಟೋನ್ ಎಂಬ ಮರಳುಗಲ್ಲು ಮಳೆ, ಹಿಮದ ನೀರನ್ನು ಹೀರಿಕೊಂಡು ನಿಧಾನಕ್ಕೆ ಒಸರುತ್ತದೆ. ಹಾಗಾಗಿ ವರ್ಷವಿಡೀ ನೀರಿದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಮೇಲೆ ಗುಡುಗು ಮಳೆ. ಇಲ್ಲಿಯವರೂ ಅದನ್ನು ಮಾನ್ಸೂನ್ ಅಂತಲೇ ಕರೆಯುತ್ತಾರೆ. ಬರೀ ಬಂಡೆಯ ಮೇಲೆ ಒಮ್ಮೆಲೇ ಜೋರು ಮಳೆ ಬಿದ್ದರೆ ಅಷ್ಟೂ ನೀರು ಇಂಗುವ ಮಾತೇ ಇಲ್ಲ, ಹೆಚ್ಚಿನದು ಸೀದಾ ಕಣಿವೆಗೆ ನುಗ್ಗುತ್ತದೆ. ತಲೆ ಮೇಲಿನ ಆಕಾಶ ನೀಲಿಯಾಗಿದ್ದರೂ ದೂರದ ಮಳೆ ಇಲ್ಲಿ ಪ್ರವಾಹ ತರಬಹುದು. ಅದಕ್ಕೇ ನ್ಯಾಷನಲ್ ವೆದರ್ ಸರ್ವೀಸ್‌ನ ಮುನ್ಸೂಚನೆ ನೋಡಿದೆ. ಹಿಂದಿನ ದಿನ ಎಸ್ಕಲಾಂಟೆಯ ವಿಸಿಟರ್ ಸೆಂಟರ್‌ನಲ್ಲೂ ಕೇಳಿಕೊಂಡು, ರಾತ್ರಿ ಅಲ್ಲೇ ಉಳಿದೆವು.

ಈ ಸಲ ತಲಾ ಮೂರು ಲೀಟರ್ ನೀರು. ಕಾರಿನಲ್ಲಿ ಇನ್ನೊಂದು ಕ್ಯಾನ್. ಬುತ್ತಿಗೆ ಪುಳಿಯೋಗರೆ, ಜೊತೆಗೆ ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ. ಉಪ್ಪು ಕಂಡು ಅಪ್ಪ, "ಅಲ್ಲೂ ಜಿಗಣೆ ಇದಾವೇನೋ?" ಅಂತ ಕೇಳಿದರು. ನಮ್ಮ ಕಾಡಿನಲ್ಲಿ ಉಪ್ಪು ಕಾಲಿಗೆ, ಇಲ್ಲಿ ಬಾಯಿಗೆ! ಕಣಿವೆಯಲ್ಲಿ ಫೋನ್ ಸಿಗುವುದಿಲ್ಲ ಅಂದುಕೊಂಡೇ ಹೊರಡಬೇಕು. ಮಧ್ಯಾಹ್ನ ಮೂರರೊಳಗೆ ಫೋನ್ ಬರದಿದ್ದರೆ ವಿಚಾರಿಸು ಅಂತ ತಮ್ಮನಿಗೆ ಹೇಳಿಟ್ಟಿದ್ದೆ.

ಏಳೂವರೆಗೆ ನಡಿಗೆ ಶುರು. ಕಣಿವೆಯಲ್ಲಿ ಇನ್ನೂ ನೆರಳಿತ್ತು, ಮರಳು ತಣ್ಣಗಿತ್ತು. ಕಿಲೋಮೀಟರ್ ಲೆಕ್ಕ ಬಿಟ್ಟು ಗಡಿಯಾರ ನೋಡಿಕೊಂಡೆವು: ಹತ್ತು ಗಂಟೆಯೊಳಗೆ ಜಲಪಾತ ಸಿಗದಿದ್ದರೆ ಎಲ್ಲೇ ಇದ್ದರೂ ವಾಪಸ್. ಕಣಿವೆಯ ಎದುರು ಗೋಡೆಯ ಮೇಲೆ ಫ್ರೀಮಾಂಟ್ ಎಂಬ ಪ್ರಾಚೀನ ಮೂಲನಿವಾಸಿ ಜನ ಬರೆದ ಮೂರು ದೊಡ್ಡ ಕೆಂಪು ಮನುಷ್ಯಾಕೃತಿಗಳಿವೆ. ಮೊದಲ ಸಲ ತಲೆ ತಗ್ಗಿಸಿ ನಡೆದು ಅವನ್ನು ನೋಡೇ ಇರಲಿಲ್ಲ. ಹಳ್ಳದ ಪಕ್ಕ ಪಾಯ್ಸನ್ ಐವಿ ಇದೆ, ಮೂರೆಲೆಯ ಗಿಡ. ಗೇರು ಬೀಜದ ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತಲ್ಲ, ಅದೇ ಕುಟುಂಬದ್ದು. ಅಪ್ಪನಿಗೆ ಇಷ್ಟು ಹೇಳಿದ್ದೇ ಸಾಕಾಯಿತು, ಪಂಚೆ ಬಿಟ್ಟು ಪ್ಯಾಂಟ್ ಹಾಕಿದ್ದು ಒಳ್ಳೆಯದಾಯಿತು ಅಂದರು.

ಒಂಬತ್ತೂ ಮುಕ್ಕಾಲಿಗೆ ತಲುಪಿದೆವು. ತಿರುವು ದಾಟುತ್ತಲೇ ಗಾಳಿ ತಣ್ಣಗಾಯಿತು. ಹಸಿರು, ಕಿತ್ತಳೆ, ಕಪ್ಪು ಗೆರೆಗಳ ಗೋಡೆ, ಕೆಳಗೆ ಮರಳ ತಳದ ಕೊಳ. "ಜೋಗ ನೋಡಿದವನಿಗೆ ಇದು ತೊಟ್ಟಿಯ ನಲ್ಲಿ" ಅಂದರು ಅಪ್ಪ. ಆಮೇಲೆ ಮುಕ್ಕಾಲು ಗಂಟೆ ಆ ನಲ್ಲಿ ಬಿಟ್ಟು ಏಳಲೇ ಇಲ್ಲ. ನೀರು ಮಾತ್ರ ಐಸ್, ಮೊಣಕಾಲಿಗಿಂತ ಮುಂದೆ ನಾನು ಹೋಗಲಿಲ್ಲ.

ಮಧ್ಯಾಹ್ನ ಒಂದರ ಹೊತ್ತಿಗೆ ಕಾರಿನ ಹತ್ತಿರ ಶೂಗಳಿಂದ ಮರಳು ಸುರಿಯುತ್ತಿದ್ದೆವು. ಇಬ್ಬರು ಹುಡುಗರು ಆಗಷ್ಟೇ ಹೊರಟಿದ್ದರು, ಕೈಯಲ್ಲಿ ಅರ್ಧ ಲೀಟರ್ ಬಾಟಲಿ. ಅಪ್ಪ ಕನ್ನಡದಲ್ಲೇ ಅವರನ್ನು ನಿಲ್ಲಿಸಿದರು. "ಇಷ್ಟು ಸಾಲಲ್ಲ ಕಣ್ರಪ್ಪಾ" ಅನ್ನುತ್ತಾ ನಮ್ಮ ಖಾಲಿ ಬಾಟಲಿಗಳಿಗೆ ಕ್ಯಾನಿನ ನೀರು ತುಂಬಿಸಿ ಕೈಗೆ ಕೊಟ್ಟರು.