ಹಾಡು ಕಲಸಿ ಕೇಳಿಸಿದೆ, ಕ್ಲಾಸಿಕ್ ಜಗಳಕ್ಕೆ ತೀರ್ಪು ಬಂತು

ಹಿಪ್‌ಹಾಪ್ ಕೇಳುವವರು ನಾಲ್ಕು ಜನ ಸೇರಿದರೆ ಅರ್ಧ ಗಂಟೆಯೊಳಗೆ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ: ಯಾವ ಆಲ್ಬಮ್ ಕ್ಲಾಸಿಕ್, ಯಾವುದು ಅಲ್ಲ. ನ್ಯೂಜೆರ್ಸಿಯಲ್ಲಿ ನಾನು ನಡೆಸುವ, ಆಲ್ಬಮ್ ಕೇಳುವವರ ಕೂಟದಲ್ಲಿ ಈ ಜಗಳಕ್ಕೇ ಎರಡು ಮೂರು ವರ್ಷ ಹೋಯಿತು. ಈಗಲೂ ಜಗಳ ಆಡುತ್ತೇವೆ. ಆದರೆ ರಾತ್ರಿ ಮನೆಗೆ ಹೋಗುವ ಮುಂಚೆ ತೀರ್ಪು ಅಂತ ಒಂದು ಬರುತ್ತದೆ, ಸೋತವರೂ ಗೊಣಗುತ್ತಾ ಒಪ್ಪುತ್ತಾರೆ. ಇದು ಆಗದ ಮಾತು ಅಂದವರೆಲ್ಲ ಈಗ ವಿಧಾನ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಕೂಟ ನಡೆಸುವವರಿಗೆ ಸ್ಪೀಕರ್ ಎಲ್ಲಿಡಬೇಕು, ಫೈಲ್ ಹೇಗೆ ಮಾಡಿಕೊಳ್ಳಬೇಕು ಅಂತ ಹೇಳಿಕೊಡಬೇಕಿಲ್ಲ, ಅದನ್ನು ಬಿಟ್ಟಿದ್ದೇನೆ.

ಕೈಕೊಟ್ಟ ದಾರಿಗಳನ್ನು ಮೊದಲು ಹೇಳುತ್ತೇನೆ, ನೀವೂ ಅವುಗಳಲ್ಲೇ ಸುತ್ತುತ್ತಿರುತ್ತೀರಿ.

ಹಿಪ್‌ಹಾಪ್ ಪತ್ರಿಕೆ 'ದ ಸೋರ್ಸ್' ಆಲ್ಬಮ್‌ಗಳಿಗೆ ಅಂಕದ ಹಾಗೆ ಐದರವರೆಗೆ ಕೊಡುವ ಮೈಕುಗಳನ್ನು ನೆಚ್ಚಿಕೊಂಡಿದ್ದೆವು. ಐದು ಮೈಕು ಬಿದ್ದರೆ ಕ್ಲಾಸಿಕ್, ಮಾತು ಮುಗಿಯಿತು. 1994ರಲ್ಲಿ ರ‍್ಯಾಪರ್ ನಾಸ್‌ನ ಇಲ್ಮ್ಯಾಟಿಕ್ ಆಲ್ಬಮ್‌ಗೆ ಐದು ಕೊಟ್ಟರು, ಸರಿ. ಆದರೆ ಡಾ. ಡ್ರೇಯ ದ ಕ್ರಾನಿಕ್ ಬಂದಾಗ ಕೊಟ್ಟಿದ್ದು ನಾಲ್ಕೂವರೆ. ಜೇ-ಝೀಯ ರೀಸನಬಲ್ ಡೌಟ್‌ಗೆ ನಾಲ್ಕು. ಇವೆರಡೂ ಬಂದಾಗ ಕೊಡದ ಐದನ್ನು ಅದೇ ಪತ್ರಿಕೆ 2005ರಲ್ಲಿ ಲಿಲ್ ಕಿಮ್‌ನ ಆಲ್ಬಮ್‌ಗೆ ಕೊಟ್ಟಿತು. ಅವತ್ತಿನ ಕೂಟ ಹೇಗೆ ಮುರಿದುಬಿತ್ತು ಅಂತ ಬಿಡಿಸಿ ಹೇಳಬೇಕಿಲ್ಲ.

ಮಾರಾಟ ನೋಡೋಣ ಅಂದರು. ಎಂಸಿ ಹ್ಯಾಮರ್‌ನ 1990ರ ಆಲ್ಬಮ್ ಅಮೆರಿಕದಲ್ಲೇ ಒಂದು ಕೋಟಿ ಪ್ರತಿ ದಾಟಿತ್ತು. ಇಲ್ಮ್ಯಾಟಿಕ್ ಹತ್ತು ಲಕ್ಷ ಮುಟ್ಟಿ ಪ್ಲಾಟಿನಂ ಆಗುವ ಹೊತ್ತಿಗೆ 2001 ಆಗಿತ್ತು. ಹ್ಯಾಮರ್ ಪರ ಕೈ ಎತ್ತುವವರು ಒಬ್ಬರೂ ಇರಲಿಲ್ಲ, ಆ ಅಳತೆಯೂ ಅಲ್ಲಿಗೇ ಸತ್ತಿತು. ಹತ್ತು ವರ್ಷ ಕಾಯೋಣ, ಉಳಿದದ್ದು ಕ್ಲಾಸಿಕ್ ಅಂತ ಇನ್ನೊಬ್ಬರು. ಬೀಸ್ಟಿ ಬಾಯ್ಸ್‌ನ ಪಾಲ್ಸ್ ಬೊಟೀಕ್ 1989ರಲ್ಲಿ ಮಕಾಡೆ ಮಲಗಿ ಆಮೇಲೆ ತಲೆ ಎತ್ತಿದ್ದಕ್ಕೆ ಈ ಮಾತು ಒಪ್ಪುತ್ತದೆ. ಆದರೆ ಡಿ ಲಾ ಸೋಲ್‌ನ ಮೊದಲ ಆಲ್ಬಮ್‌ಗೆ? ಅದೂ 1989ರದ್ದೇ. ಸ್ಯಾಂಪಲ್‌ಗಳ, ಅಂದರೆ ಬೇರೆ ಹಾಡುಗಳಿಂದ ಎತ್ತಿಕೊಂಡ ತುಣುಕುಗಳ, ಹಕ್ಕಿನ ತಕರಾರಿನಿಂದ ಅದು ಸ್ಟ್ರೀಮಿಂಗ್‌ಗೆ ಬರಲು 2023ರ ಮಾರ್ಚ್ ಆಯಿತು. ಅಷ್ಟರೊಳಗೆ ಬೆಳೆದ ಹುಡುಗರ ಕಿವಿಗೇ ಅದು ಬಿದ್ದಿರಲಿಲ್ಲ. ಅವರಿಗೆ ಉಳಿಯಲಿಲ್ಲ ಅನ್ನುವುದರಲ್ಲಿ ಆಲ್ಬಮ್‌ನ ತಪ್ಪೇನು?

ಕೊನೆಗೆ ಅಂಕಪಟ್ಟಿ ಮಾಡಿದೆವು: ಬೀಟಿಗೆ ಇಷ್ಟು, ಸಾಹಿತ್ಯಕ್ಕೆ ಇಷ್ಟು, ಫ್ಲೋಗೆ (ತಾಳಕ್ಕೆ ಮಾತು ಕೂರಿಸುವ ರೀತಿಗೆ) ಇಷ್ಟು, ಪ್ರಭಾವಕ್ಕೆ ಇಷ್ಟು. ಎಲ್ಲ ಆಲ್ಬಮ್‌ಗೂ ಹತ್ತಕ್ಕೆ ಏಳೂವರೆಯಿಂದ ಎಂಟೂವರೆ. ಅಂಕ ಹಾಕುವ ಮುಂಚೆ ಗಟ್ಟಿ ದನಿಯವನು ಮಾತಾಡಿದರೆ ಎಲ್ಲರದ್ದೂ ಅವನ ಅಂಕ.

ಕೂಟದಲ್ಲಿ ಹಿಪ್‌ಹಾಪ್‌ನ ತವರು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲೇ ಹುಟ್ಟಿದ ಹಿರಿಯ ಡಿಜೆ ಒಬ್ಬರಿದ್ದಾರೆ. ಅವರದ್ದು ಒಂದೇ ಪಟ್ಟು: "ಒಂದು ಬೇಸಿಗೆ ಪೂರ್ತಿ ನಮ್ಮ ಬೀದಿಯಲ್ಲಿ ಹೋದ ಕಾರಿನಲ್ಲೆಲ್ಲ ಅದೇ ಕೇಳಿಸಿದರೆ ಕ್ಲಾಸಿಕ್. ಇದಕ್ಕೆ ಕಾಗದ ಪೆನ್ನು ಯಾಕೆ?" ಒಳ್ಳೆಯ ಮಾತೇ. ಆದರೆ ಆ ಬೀದಿಯಲ್ಲಿ ಇಲ್ಲದವನು ಏನು ಮಾಡಬೇಕು? 1994ರಲ್ಲಿ ನಾನು ದಾವಣಗೆರೆಯಲ್ಲಿ ಪ್ರೈಮರಿ ಶಾಲೆಯಲ್ಲಿದ್ದೆ.

ದಾರಿ ಹೊಳೆದದ್ದು ಭಾವಮೈದುನನಿಂದ. ಎಂಎಸ್ ಮಾಡಲು ಬಂದು ನಮ್ಮ ಮನೆಯಲ್ಲಿದ್ದ. ಸ್ಟ್ರೀಮಿಂಗ್ ಆ್ಯಪಿನಲ್ಲಿ ದುಡ್ಡು ಕಟ್ಟದ ಖಾತೆ, ಫೋನಿನಲ್ಲಿ ಅದು ಹಾಡುಗಳನ್ನು ಕಲಸಿಯೇ (ಶಫಲ್ ಮಾಡಿ, ಸಾಲು ತಪ್ಪಿಸಿ) ಕೇಳಿಸುತ್ತಿತ್ತು. ಔಟ್‌ಕಾಸ್ಟ್‌ನ ಅಕ್ವೆಮಿನಿಯನ್ನು ಹಾಗೇ ತಿಂಗಳುಗಟ್ಟಲೆ ಕೇಳಿದ್ದವನಿಗೆ ಒಂದು ದಿನ ಕಾರಿನಲ್ಲಿ ಸಿಡಿ ಹಾಕಿ ಮೊದಲಿಂದ ಕೊನೆತನಕ ಕೇಳಿಸಿದೆ. ಮುಗಿಯುವ ತನಕ ಸುಮ್ಮನಿದ್ದ. ಆಮೇಲೆ, "ಭಾವ, ಇಷ್ಟು ದಿನ ನಾನು ಕೇಳಿದ್ದು ಬೇರೆ ಆಲ್ಬಮ್ಮಾ?" ಅಂದ. ಅವತ್ತು ರಾತ್ರಿಯೇ ಫೈಲುಗಳನ್ನು ಕಲಸಲು ಕೂತೆ.

ವಿಧಾನ ಇಷ್ಟೇ. ಆ ಆಲ್ಬಮ್ ಯಾವತ್ತೂ ಪೂರ್ತಿ ಕೇಳದವರನ್ನು ಹುಡುಕಬೇಕು. ಇದೇ ಅರ್ಧ ಕೆಲಸ. ಹತ್ತು ಹನ್ನೆರಡು ಜನ ಸಿಕ್ಕರೆ ಸಾಕು. ಅರ್ಧ ಜನಕ್ಕೆ ಸರಿಯಾದ ಸಾಲಿನ ಆಲ್ಬಮ್, ಉಳಿದವರಿಗೆ ಕಲಸಿದ್ದು, ಇಬ್ಬರದ್ದೂ ಹೆಸರಿಲ್ಲದ ಒಂದೇ ಉದ್ದನೆಯ ಫೈಲ್. ಯಾರಿಗೆ ಯಾವುದು ಅಂತ ಹೇಳುವುದಿಲ್ಲ. ಒಂದು ತಿಂಗಳು ಅದರ ಜೊತೆ ಬದುಕಬೇಕು: ರೈಲಿನಲ್ಲಿ, ಪಾತ್ರೆ ತೊಳೆಯುವಾಗ, ಜಿಮ್‌ನಲ್ಲಿ. ಆಮೇಲೆ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ಮೂಲ ಸಾಲನ್ನು ಪೂರ್ತಿ ಕೇಳಿಸುತ್ತೇನೆ. ಮಾತಾಡುವಂತಿಲ್ಲ, ಫೋನು ಬುಟ್ಟಿಯಲ್ಲಿ. ಮುಗಿದ ಮೇಲೆ ಕಲಸಿದ್ದು ಕೇಳಿದವರಿಗೆ ಚೀಟಿ: ನಿನ್ನ ಸಾಲು ಉಳಿಸಿಕೊಳ್ಳುತ್ತೀಯೋ, ಇದಕ್ಕೆ ಬಿಟ್ಟುಕೊಡುತ್ತೀಯೋ? ಒಂದು ತಿಂಗಳು ಒಗ್ಗಿಹೋದದ್ದನ್ನು ಬಿಟ್ಟುಕೊಡುವುದು ಸುಲಭ ಅಲ್ಲ. ಬಹುಪಾಲು ಜನ ಬಿಟ್ಟುಕೊಟ್ಟರೆ ಅದು ಕ್ಲಾಸಿಕ್. ತಮ್ಮದೇ ಚೆನ್ನ ಅಂತ ಹಿಡಿದುಕೊಂಡರೆ ಒಳ್ಳೆಯ ಹಾಡುಗಳ ರಾಶಿ, ಆಲ್ಬಮ್ ಅಲ್ಲ. ಚೀಟಿಯಲ್ಲಿ ಎರಡನೆಯ ಪ್ರಶ್ನೆಯೂ ಒಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನನ್ನ ಕೂಟಕ್ಕೆ ಬರುವವರು ತಯಾರಾಗಿ ಬರುತ್ತಾರೆ.

ದುಡ್ಡಿನ ವಿಷಯ. ಮೊದಲು ಒಂದು ಚರ್ಚಿನ ನೆಲಮಾಳಿಗೆ ಬಾಡಿಗೆಗೆ ಹಿಡಿದಿದ್ದೆ, ಗಂಟೆಗೆ ನಲವತ್ತೋ ನಲವತ್ತೈದೋ ಡಾಲರ್. ಎರಡು ಗಂಟೆ ಅಂದುಕೊಂಡದ್ದು ಜಗಳದಿಂದ ನಾಲ್ಕಾಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಸ್ಪೀಕರ್ ಜೋಡಿ, ಆ್ಯಂಪ್ ಸೇರಿ ಸುಮಾರು ಆರುನೂರು. ಇಲ್ಮ್ಯಾಟಿಕ್‌ನ ಮೊದಲ ಮುದ್ರಣದ ಎಲ್‌ಪಿ ತಟ್ಟೆ ಅಂತ ನಂಬಿಸಿ ಒಬ್ಬ ನೂರೆಂಬತ್ತರ ಹತ್ತಿರ ಕಿತ್ತ, ಅದು ನಕಲಿ. ಆಮೇಲೆ ಮರುಮುದ್ರಣ ಇಪ್ಪತ್ತೈದಕ್ಕೆ ತಂದೆ, ಕಿವಿಗೆ ಇನ್ನೂ ಚೆನ್ನಾಗಿದೆ. ಪಿಜ್ಜಾಕ್ಕೆ ಆದ ಖರ್ಚು ಲೆಕ್ಕ ಇಟ್ಟಿಲ್ಲ, ಇಡದಿರುವುದೇ ಸಂಸಾರಕ್ಕೆ ಒಳ್ಳೆಯದು. ಮೊದಲ ವರ್ಷ ಎರಡು ಸಾವಿರ ಡಾಲರ್ ದಾಟಿರಬೇಕು. ಈಗ ಕೂಟ ನಮ್ಮ ಮನೆಯ ಬೇಸ್‌ಮೆಂಟಿನಲ್ಲಿ, ತಲೆಗೆ ಹತ್ತು ಡಾಲರ್ ಹಾಕಿದರೆ ಸರಿಹೋಗುತ್ತದೆ. ಹಾಡಿನ ಬೇಸ್ ದನಿ ಜಾಸ್ತಿಯಾದರೆ ಮೇಲಿಂದ ನನ್ನ ಹೆಂಡತಿ ಕಾಲಿನಲ್ಲಿ ಎರಡು ಸಲ ಕುಟ್ಟುತ್ತಾಳೆ.

ದನಿಯ ಮಟ್ಟ ಮಾತ್ರ ನೂರು ಸಲ ನೋಡಿಕೊಳ್ಳಿ. ಎರಡು ಫೈಲುಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಜನ ಅದನ್ನೇ ಚೆನ್ನ ಅನ್ನುತ್ತಾರೆ, ಯಾಕೆ ಅಂತ ಅವರಿಗೇ ಗೊತ್ತಿರುವುದಿಲ್ಲ. ರೀಮಾಸ್ಟರ್ (ದನಿಯನ್ನು ಹೊಸದಾಗಿ ಹದ ಮಾಡಿದ ಆವೃತ್ತಿ) ಒಂದು ಕಡೆ, ಹಳೆಯ ಸಿಡಿ ಇನ್ನೊಂದು ಕಡೆ ಬೆರೆಸಿದರಂತೂ ಮುಗಿಯಿತು. ಶುರುವಿನ ಕೆಲವು ಕೂಟ ಇದರಿಂದಲೇ ದಂಡವಾದವು.

ಇಲ್ಮ್ಯಾಟಿಕ್ ಕೂಟ ನೆನೆದರೆ ಈಗಲೂ ಖುಷಿ. ಹತ್ತು ಟ್ರ್ಯಾಕು, ನಲವತ್ತು ನಿಮಿಷವೂ ಇಲ್ಲ. ಬೀಟು ಮಾಡಿದವರು ಒಬ್ಬರಲ್ಲ: ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯೂ-ಟಿಪ್, ಎಲ್‌ಇಎಸ್. ಇಷ್ಟು ಕೈ ಸೇರಿದರೆ ಅಡುಗೆ ಕೆಡಬೇಕು, ಕೆಟ್ಟಿಲ್ಲ. ನಾನು ಮಧ್ಯೆ ಒಂದು ಕಡೆ ನಿಲ್ಲಿಸಿದೆ. ಮೂರನೆಯ ಟ್ರ್ಯಾಕಿನ ಕೊನೆಗೆ ನಾಸ್‌ನ ಅಪ್ಪ ಓಲು ದಾರಾ ಟ್ರಂಪೆಟ್‌ನಂಥ ಕಾರ್ನೆಟ್ ಊದುತ್ತಾ ಊದುತ್ತಾ ದನಿ ಕರಗಿಹೋಗುತ್ತದಲ್ಲ, ಅಲ್ಲಿ. ಕೋಣೆ ಪೂರ್ತಿ ಮೌನ. ಸರಿಯಾದ ಸಾಲು ಕೇಳಿದ್ದ ಹುಡುಗಿಯೊಬ್ಬಳು, ಯಾರೂ ಕೇಳದೆ, ಪೀಟ್ ರಾಕ್‌ನ ಪಿಯಾನೋ ತುಣುಕನ್ನು ಬಾಯಲ್ಲಿ ಗುನುಗಿಬಿಟ್ಟಳು. ಮುಂದಿನ ಹಾಡಿನದ್ದು, ಶ್ರುತಿಯೂ ಹೆಚ್ಚುಕಮ್ಮಿ ಸರಿ. ಕಲಸಿದ್ದು ಕೇಳಿದ್ದವರು ಅವಳ ಕಡೆ ತಿರುಗಿ ನೋಡಿದರು. ಅವರ ಫೈಲಿನಲ್ಲಿ ಆ ಕಾರ್ನೆಟ್ ಆದ ಮೇಲೆ ನಾನು ಹಾಕಿದ್ದು ಜೈಲಿಗೆ ಬರೆದ ಕಾಗದಗಳ ಹಾಡನ್ನು. ಅದೂ ಬೆಂಕಿಯಂಥ ಹಾಡೇ. ಚೀಟಿ ಎಣಿಸಿದಾಗ ಒಬ್ಬನನ್ನು ಬಿಟ್ಟು ಎಲ್ಲರೂ ಬಿಟ್ಟುಕೊಟ್ಟಿದ್ದರು. ಆ ಒಬ್ಬ ಈಗಲೂ ತನ್ನ ಸಾಲನ್ನೇ ಫೋನಿನಲ್ಲಿಟ್ಟುಕೊಂಡಿದ್ದಾನೆ, ಇರಲಿ.

ಎಲ್‌ಪಿಯಲ್ಲಿ ಮೊದಲ ಮಗ್ಗುಲಿಗೆ ನಲವತ್ತನೆಯ ಬೀದಿಯ ಉತ್ತರ, ಎರಡನೆಯದಕ್ಕೆ ನಲವತ್ತೊಂದನೆಯದರ ದಕ್ಷಿಣ ಅಂತ ಹೆಸರಿದೆ, ನಾಸ್ ಬೆಳೆದ ಬಡಾವಣೆ ಕ್ವೀನ್ಸ್‌ಬ್ರಿಡ್ಜ್‌ನ ಎರಡು ಬದಿ. ಐದು ಹಾಡಾದ ಮೇಲೆ ಎದ್ದು ಮಗುಚಿ ಹಾಕಬೇಕು. ಆ ಬಿಡುವನ್ನು ಫೈಲಿನಲ್ಲೂ ಇಟ್ಟು ನೋಡಿದೆ, ಅರ್ಧ ನಿಮಿಷದ ಮೌನ. ಫಲಿತಾಂಶ ಏನೂ ಬದಲಾಗಲಿಲ್ಲ, ಆದರೆ ಎಲ್ಲರೂ ಆ ಅರ್ಧ ನಿಮಿಷದಲ್ಲಿ ಪಿಜ್ಜಾಕ್ಕೆ ಕೈ ಹಾಕಿದರು.

ಟೂಪಾಕ್‌ನ ಆಲ್ ಐಝ್ ಆನ್ ಮೀ ಪರೀಕ್ಷೆಗೆ ಬಂದಾಗ ಗಲಾಟೆ. 1996ರದ್ದು, ಎರಡು ಡಿಸ್ಕು, 27 ಹಾಡು. ಕಲಸಿದ್ದು ಕೇಳಿದವರು ಒಬ್ಬರೂ ಬಿಟ್ಟುಕೊಡಲಿಲ್ಲ. ಇಂಥದ್ದನ್ನು ಕ್ಲಾಸಿಕ್ ಅಲ್ಲ ಅನ್ನಲು ನಿನಗೆಷ್ಟು ಧೈರ್ಯ ಅಂತ ಕೆಲವರು ಎರಡು ಕೂಟಕ್ಕೆ ಬರಲಿಲ್ಲ. ಟೂಪಾಕ್ ಸಣ್ಣವನು ಅಂತ ನಾನೆಲ್ಲಿ ಅಂದೆ? ಆ ಹಾಡುಗಳು ಯಾವ ಸಾಲಿನಲ್ಲಿ ನಿಲ್ಲಿಸಿದರೂ ನಿಲ್ಲುತ್ತವೆ, ಆ ಬಲ ಬೇರೆ.

ಸ್ಕಿಟ್, ಅಂದರೆ ಹಾಡುಗಳ ನಡುವೆ ಪುಟ್ಟ ಮಾತಿನ ದೃಶ್ಯ, ಇರುವ ಆಲ್ಬಮ್‌ಗಳಲ್ಲಿ ಮೋಸವಾಗುತ್ತದೆ. ರ‍್ಯಾಪರ್ ಕೆಂಡ್ರಿಕ್ ಲಮಾರ್‌ನ 2012ರ ಗುಡ್ ಕಿಡ್‌ನಲ್ಲಿ ಅಮ್ಮ ಫೋನಿನಲ್ಲಿ ಬಿಟ್ಟ ಸಂದೇಶಗಳು ಕಥೆ ಹೇಳುತ್ತವೆ, ಕಲಸಿದರೆ ಮಗುವಿಗೂ ಗೊತ್ತಾಗುತ್ತದೆ. ಸ್ಕಿಟ್ ಕತ್ತರಿಸಿದರೆ ಆಲ್ಬಮ್ಮೇ ಅಲ್ಲ. ಬೀಟು ಮಾಡುವ ಜೆ ಡಿಲ್ಲಾನ ಡೋನಟ್ಸ್‌ನದ್ದು ಇನ್ನೊಂದು ತಲೆನೋವು. 2006ರ ಫೆಬ್ರವರಿ 7ಕ್ಕೆ ಬಂತು, ಮೂರು ದಿನಕ್ಕೆ ಅವನು ತೀರಿಹೋದ. 31 ತುಣುಕು, ಒಂದಕ್ಕೊಂದು ಅಂಟಿಕೊಂಡಿವೆ, ಮೊದಲನೆಯದರ ಹೆಸರೇ ಔಟ್ರೋ, ಕೊನೆಯದು ಮುಗಿದರೆ ಮತ್ತೆ ಮೊದಲಿಗೆ ಕೂಡಿಕೊಳ್ಳುತ್ತದೆ. ಕಲಸಿದರೆ ಪ್ರತಿ ಬೆಸುಗೆಯಲ್ಲೂ ಟಕ್ ಅಂತ ಸದ್ದು. ಅದನ್ನು ಹೇಗೆ ಮುಚ್ಚಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಮುಚ್ಚಿದ ಮೇಲೂ ಜನ ಮೂಲಕ್ಕೇ ಬಿಟ್ಟುಕೊಟ್ಟರು.

ಕೆಂಡ್ರಿಕ್‌ನ ಡ್ಯಾಮ್ ಮಾತ್ರ ನನ್ನ ವಿಧಾನವನ್ನೇ ಅಣಕಿಸಿತು. 2017ರಲ್ಲಿ ಬಂದದ್ದು, ಮರುವರ್ಷ ಪುಲಿಟ್ಜರ್ ಪಡೆದದ್ದು. 2017ರ ಕೊನೆಗೇ ಹಾಡುಗಳನ್ನು ಕೊನೆಯಿಂದ ಮೊದಲಿಗೆ ತಿರುವುಮುರುವು ಮಾಡಿದ ಆವೃತ್ತಿಯನ್ನೂ ಅವನೇ ಬಿಟ್ಟ. ಕೊನೆಯ ಹಾಡಿನಲ್ಲಿ ಗುಂಡಿನ ಸದ್ದಾಗಿ ಟೇಪು ಹಿಂದಕ್ಕೆ ಸುತ್ತಿ ಮೊದಲ ಸಾಲಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಅರ್ಧ ಜನಕ್ಕೆ ಕಲಸಿದ್ದರ ಬದಲು ಹಿಂದುಮುಂದಾದದ್ದನ್ನೇ ಕೊಟ್ಟೆ. ಇತ್ತಲವರೂ ಬಿಡಲಿಲ್ಲ, ಅತ್ತಲವರೂ ಬಿಡಲಿಲ್ಲ. ಎರಡೂ ಕಡೆಯಿಂದ ಗಟ್ಟಿ ನಿಲ್ಲುವಂತೆ ಕಟ್ಟಿದವನಿಗೆ ತೀರ್ಪು ಕೊಡಲು ನಾವು ಯಾರು ಅಂತ ಚೀಟಿ ಹರಿದು ಹಾಕಿದೆವು.

ಒಂದು ಸಲ ಬೇರೆ ಆಟ ಆಡಿದೆ. 1998ರ ಸೆಪ್ಟೆಂಬರ್ 29, ಒಂದೇ ಮಂಗಳವಾರ: ಅಕ್ವೆಮಿನಿ, ಜೇ-ಝೀಯ ಹಾರ್ಡ್ ನಾಕ್ ಲೈಫ್, ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ತಂಡದ ದ ಲವ್ ಮೂವ್‌ಮೆಂಟ್, ಬ್ಲ್ಯಾಕ್ ಸ್ಟಾರ್, ಬ್ರ್ಯಾಂಡ್ ನೂಬಿಯನ್‌ನ ಫೌಂಡೇಶನ್. ಐದನ್ನೂ ಸಾಲಾಗಿ ಪರೀಕ್ಷೆಗಿಟ್ಟೆ, ಮುಗಿಯಲು ಅರ್ಧ ವರ್ಷ ಹಿಡಿಯಿತು. ಭರ್ಜರಿಯಾಗಿ ಮಾರಾಟವಾದ ಜೇ-ಝೀಯದ್ದರಲ್ಲಿ ಜನ ತಮ್ಮ ಕಲಸಿದ ಸಾಲನ್ನೇ ಇಟ್ಟುಕೊಂಡರು. ಅಕ್ವೆಮಿನಿ ಗೆದ್ದಿತು, ಅದನ್ನು ಭಾವಮೈದುನ ಮೊದಲೇ ಹೇಳಿದ್ದ. ಬ್ಲ್ಯಾಕ್ ಸ್ಟಾರ್‌ನದ್ದು ಒಂದು ಚೀಟಿಯಿಂದ ಗೆಲುವು, ನನಗೆ ಇನ್ನೂ ಸಮಾಧಾನ ಇಲ್ಲ. ಉಳಿದೆರಡರ ಚೀಟಿ ಕಳೆದುಹೋಗಿವೆ.

ಎಮ್ಎಫ್ ಡೂಮ್ ರ‍್ಯಾಪ್ ಮಾಡಿದ ಮ್ಯಾಡ್‌ವಿಲನಿಯನ್ನು ಕಲಸಿದಾಗ ಹೆಚ್ಚಿನವರಿಗೆ ವ್ಯತ್ಯಾಸವೇ ತಿಳಿಯಲಿಲ್ಲ. ಹುಕ್ (ಮತ್ತೆ ಮತ್ತೆ ಬರುವ ಪಲ್ಲವಿ) ಇಲ್ಲದ 22 ಚುಟುಕು ಟ್ರ್ಯಾಕು, ಮುಕ್ಕಾಲು ಗಂಟೆ. ನನ್ನ ಲೆಕ್ಕದಲ್ಲಿ ಅದು ಸೋತಿದೆ. ಸೋತದ್ದು ಆಲ್ಬಮ್ಮೋ ವಿಧಾನವೋ ಅಂತ ಕೇಳಿದರೆ ವಿಧಾನ ಅನ್ನುತ್ತೇನೆ. ಎಮ್ಎಫ್ ಡೂಮ್‌ನ ವಿಷಯದಲ್ಲಿ ನಾನು ಪಕ್ಷಪಾತಿ, ಎಲ್ಲರಿಗೂ ಗೊತ್ತು.

ಬ್ರಾಂಕ್ಸ್‌ನ ಡಿಜೆ ಈಗಲೂ ಕಾರಿನ ಮಾತನ್ನು ಬಿಟ್ಟಿಲ್ಲ. ಆದರೆ ಕಳೆದ ಸಲ ಫೈಲು ಕಲಸುವ ಕೆಲಸ ತನಗೇ ಕೊಡು ಅಂದರು, ಯಾವ ಹಾಡನ್ನು ಎಲ್ಲಿಟ್ಟರೆ ಆಲ್ಬಮ್ ಹಾಳಾಗುತ್ತದೆ ಅನ್ನುವುದು ಡಿಜೆಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಂತ. ಕೊಟ್ಟಿದ್ದೇನೆ. ಮುಂದಿನದು ಕೆಂಡ್ರಿಕ್‌ನದ್ದೇ 2015ರ ಟು ಪಿಂಪ್ ಎ ಬಟರ್‌ಫ್ಲೈ. ಅದರಲ್ಲಿ ಹಾಡುಗಳ ನಡುವೆ ಒಂದು ಪದ್ಯ ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತಾ ಹೋಗುತ್ತದೆ, ಅದನ್ನು ಕತ್ತರಿಸುವುದೋ ಬಿಡುವುದೋ ಅಂತ ನಮ್ಮಿಬ್ಬರಿಗೂ ಈಗಾಗಲೇ ಜಟಾಪಟಿ ನಡೆದಿದೆ. ಅದನ್ನು ಒಂದು ಸಲವೂ ಪೂರ್ತಿ ಕೇಳದವರು ಇನ್ನೂ ಆರೇಳು ಜನ ಸಿಗಬೇಕಿದೆ.