ಗಾಲ್ಫ್ ಕ್ಲಬ್ಬುಗಳನ್ನು ಮೈಯಳತೆಗೆ ಹೊಂದಿಸಿಕೊಳ್ಳುವ ಬಗೆ

ಮಂಗಳೂರಿನಲ್ಲಿ ಗಾಲ್ಫ್ ಕಲಿಯಲು ಹೊರಟ ಅನೇಕರ ಕೈಗೆ ಮೊದಲು ಬರುವುದು ಕ್ಲಬ್ಬುಗಳ, ಅಂದರೆ ಚೆಂಡು ಹೊಡೆಯುವ ಕೋಲುಗಳ, ಹಳೆಯ ಸೆಟ್ಟು. ದುಬೈಯಿಂದಲೋ ಕುವೈತಿನಿಂದಲೋ ಊರಿಗೆ ಮರಳಿದ ಸಂಬಂಧಿಕರೊಬ್ಬರು ಪ್ರೀತಿಯಿಂದ ಕೊಟ್ಟದ್ದು. ನನಗೂ ಹಾಗೆಯೇ ಸಿಕ್ಕಿತು. ಕೊಟ್ಟ ಸೋದರಮಾವನದು ಆರಡಿಯ ದೇಹ, ನನ್ನದು 5 ಅಡಿ 6 ಇಂಚು. ಪಿಲಿಕುಳದ ಮೈದಾನದಲ್ಲಿ ಜೊತೆಗೆ ಆಡುತ್ತಿದ್ದವರು ಕ್ಲಬ್ಬು ನಿನಗೆ ಉದ್ದವಾಯಿತು, ಕತ್ತರಿಸು ಎಂದರು. ನಾನು ಹಿಂದೆಮುಂದೆ ನೋಡದೆ ಒಂದು ವರ್ಕ್‌ಶಾಪಿಗೆ ಒಯ್ದು, 7 ಐರನ್ ಎಂಬಂತೆ ಅಂಕೆಯಿಂದ ಕರೆಯುವ ಚಪ್ಪಟೆ ಲೋಹದ ತಲೆಯ ಕ್ಲಬ್ಬುಗಳಾದ ಎಲ್ಲ ಐರನ್‌ಗಳಿಂದಲೂ ಒಂದೂವರೆ ಇಂಚು ತೆಗೆಸಿಬಿಟ್ಟೆ. ಆ ಮೇಲೆ ಆರು ತಿಂಗಳು ಚೆಂಡು ಬಲಕ್ಕೇ ಓಡಿತು, ಕ್ಲಬ್ಬಿನ ತಲೆಯ ಭಾರವೇ ಕೈಗೆ ತಿಳಿಯದಾಯಿತು, ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ಸರಿಯಾಗಿ ಅಳೆದು ನೋಡಿದಾಗ ಗೊತ್ತಾದದ್ದು ಇಷ್ಟು: ನನ್ನ ಎತ್ತರ ಕಡಿಮೆಯಾದರೂ ತೋಳುಗಳು ಗಿಡ್ಡ, ಆದ್ದರಿಂದ ನನ್ನ ಕೈ ನೆಲದಿಂದ ಸಾಕಷ್ಟು ಮೇಲೆಯೇ ಇರುತ್ತದೆ; ನನಗೆ ಬೇಕಾಗಿದ್ದದ್ದು ಹೆಚ್ಚುಕಡಿಮೆ ಮಾಮೂಲಿನ ಉದ್ದವೇ. ಬೇರೆಯವರು ಬ್ಲೇಡಿಗೆ ಕೈ ಹಾಕುವ ಮುನ್ನ ಇದನ್ನು ಓದಲಿ ಎಂಬುದು ನನ್ನ ಆಸೆ.

ಮೊದಲು ಮೈಯ ಅಳತೆ

ಕ್ಲಬ್ಬಿನ ಉದ್ದವನ್ನು ತೀರ್ಮಾನಿಸಲು ತಲೆಯಿಂದ ಪಾದದವರೆಗಿನ ಎತ್ತರವೊಂದೇ ಸಾಲದು. ಕ್ಲಬ್ಬನ್ನು ಹಿಡಿಯುವುದು ಕೈ. ಆ ಕೈ ನೆಲದಿಂದ ಎಷ್ಟು ಮೇಲಿದೆ ಎಂಬುದು ಎತ್ತರದ ಜೊತೆಗೆ ತೋಳಿನ ಉದ್ದವನ್ನೂ ಅವಲಂಬಿಸಿದೆ. 5 ಅಡಿ 8 ಇಂಚಿನ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಅವರ ಮಣಿಕಟ್ಟುಗಳ ನಡುವೆ ಒಂದು ಇಂಚಿಗಿಂತ ಹೆಚ್ಚಿನ ಅಂತರ ಇರಬಹುದು, ಮತ್ತು ಕ್ಲಬ್ಬಿನ ಲೆಕ್ಕದಲ್ಲಿ ಒಂದು ಇಂಚು ಬಹಳ ದೊಡ್ಡದು. ಆದ್ದರಿಂದ ಫಿಟ್ಟಿಂಗ್ ಮಾಡುವವರು ಎತ್ತರವನ್ನು ಬರೆದುಕೊಂಡರೂ ಅದರ ಪಕ್ಕದಲ್ಲೇ ಮಣಿಕಟ್ಟಿನಿಂದ ನೆಲಕ್ಕಿರುವ ದೂರವನ್ನೂ ಬರೆದುಕೊಳ್ಳುತ್ತಾರೆ, ಎರಡನ್ನೂ ಕೂಡಿಸಿಯೇ ಕೋಷ್ಟಕ ನೋಡುತ್ತಾರೆ.

ಇದನ್ನು ಮನೆಯಲ್ಲೇ ಅಳೆಯಬಹುದು, ಆದರೆ ಒಬ್ಬರೇ ಅಳೆಯಬಾರದು. ಮುರಕಲ್ಲಿನ ಅಂಗಳದಲ್ಲಿ ಏರುತಗ್ಗು ಇರುತ್ತದೆ, ಹಾಗಾಗಿ ಚಾವಡಿಯ ಸಮತಟ್ಟಾದ ನೆಲವನ್ನು ಆರಿಸಿಕೊಳ್ಳಿ. ಆಡುವಾಗ ಹಾಕುವ ಶೂಗಳನ್ನೇ ಹಾಕಿಕೊಂಡು, ಕಾಲುಗಳನ್ನು ಭುಜದಷ್ಟು ಅಗಲಕ್ಕಿಟ್ಟು, ಕೈಗಳನ್ನು ಸಡಿಲವಾಗಿ ಇಳಿಬಿಟ್ಟು, ಎದುರಿನ ಗೋಡೆಯನ್ನು ನೋಡುತ್ತ ನಿಲ್ಲಬೇಕು. ಅಂಗೈ ಮತ್ತು ಮಣಿಕಟ್ಟು ಸೇರುವಲ್ಲಿ ಇರುವ ಗೆರೆಯಿಂದ ನೆಲದವರೆಗೆ ಇನ್ನೊಬ್ಬರು ಟೇಪು ಹಿಡಿದು ಅಳೆಯಬೇಕು. ನನ್ನನ್ನು ಅಳೆದವಳು ಅಕ್ಕನ ಮಗಳು. ಎಷ್ಟು ಬಂತೆಂದು ನಾನು ಪ್ರತಿ ಸಲವೂ ಬಗ್ಗಿ ನೋಡುತ್ತಿದ್ದೆ, ಅವಳು "ಮಾವ, ನೇರ ನಿಂತುಕೊಳ್ಳಿ, ಕೆಳಗೆ ನೋಡುವುದು ಬೇಡ" ಎಂದು ಗದರಿದಳು. ಅವಳು ಹೇಳಿದ್ದೇ ಸರಿ, ಏಕೆಂದರೆ ತಲೆ ಬಗ್ಗಿಸಿದೊಡನೆ ಭುಜ ಇಳಿಯುತ್ತದೆ, ಅಳತೆಯಲ್ಲಿ ಅರ್ಧ ಇಂಚು ಸುಲಭವಾಗಿ ಕಳೆದುಹೋಗುತ್ತದೆ. ಎರಡೂ ಕೈಗಳನ್ನು ಮೂರು ಮೂರು ಸಲ ಅಳೆದು ಬರೆದಿಡಿ.

ಈ ದೂರ ಸುಮಾರು 34 ರಿಂದ 37 ಇಂಚಿನ ಒಳಗಿದ್ದರೆ ಗಂಡಸರ ಸ್ಟ್ಯಾಂಡರ್ಡ್ ಉದ್ದದ ಕ್ಲಬ್ಬುಗಳು ಸಾಮಾನ್ಯವಾಗಿ ಹೊಂದುತ್ತವೆ. ಅದಕ್ಕಿಂತ ಕಡಿಮೆಯಾದರೆ ಮೊದಲು ಕಾಲು ಇಂಚು, ಬಳಿಕ ಅರ್ಧ ಇಂಚು ಎಂಬಂತೆ ಕ್ಲಬ್ಬು ಗಿಡ್ಡವಾಗುತ್ತ ಹೋಗುತ್ತದೆ. ಹೆಚ್ಚಾದರೆ ಅದೇ ರೀತಿ ಉದ್ದವಾಗುತ್ತದೆ. ಕೋಷ್ಟಕಗಳು ಕಂಪೆನಿಯಿಂದ ಕಂಪೆನಿಗೆ ಸ್ವಲ್ಪ ಬೇರೆಯಾಗಿರುವುದರಿಂದ ನಿಮ್ಮ ಸೆಟ್ಟಿನ ಕಂಪೆನಿಯ ಕೋಷ್ಟಕವನ್ನೇ ನೋಡುವುದು ಒಳ್ಳೆಯದು. ಗಿಡ್ಡನೆಯ ಆಟಗಾರರು ಇದರಿಂದ ಎದೆಗುಂದಬೇಕಾಗಿಲ್ಲ. ವೇಲ್ಸ್‌ನ ಇಯಾನ್ ವೂಸ್ನಮ್ ಅವರ ಎತ್ತರ ಸುಮಾರು 5 ಅಡಿ 4 ಇಂಚು; ಅವರು 1991ರಲ್ಲಿ ಗಾಲ್ಫಿನ ದೊಡ್ಡ ಟೂರ್ನಿಯಾದ ಮಾಸ್ಟರ್ಸ್ ಗೆದ್ದರು.

ಕೈಯಲ್ಲಿರುವ ಕ್ಲಬ್ಬಿನ ಅಳತೆ

ಹಳೆಯ ಸೆಟ್ಟಾದರೆ ಅದನ್ನು ಹಿಂದೆ ಯಾರೋ ಕತ್ತರಿಸಿಯೋ ಉದ್ದ ಮಾಡಿಯೋ ಇರಬಹುದು, ಆದ್ದರಿಂದ ಮೇಲಿನ ಹೆಸರನ್ನು ನಂಬದೆ ಅಳೆಯಿರಿ. ಕ್ಲಬ್ಬನ್ನು ಚೆಂಡಿನ ಹಿಂದೆ ಇಡುವ ಹಾಗೆಯೇ ನೆಲಕ್ಕೆ ಕೂರಿಸಿ, ತಲೆಯ ಹಿಮ್ಮಡಿಯ (ಕೋಲು ಸೇರುವ ಬದಿಯ) ಹಿಂಬದಿಯಲ್ಲಿ ನೆಲದಿಂದ ಆರಂಭಿಸಿ ಶಾಫ್ಟಿನ (ಕೋಲಿನ) ಗುಂಟ ಗ್ರಿಪ್ಪಿನ (ಹಿಡಿಕೆಯ) ತುದಿಯ ಮುಚ್ಚಳದವರೆಗೆ ಟೇಪು ಹಿಡಿಯಬೇಕು. ಗಂಡಸರ 7 ಐರನ್ ಸುಮಾರು 37 ಇಂಚು ಇರುತ್ತದೆ, ಒಂದೊಂದು ಐರನ್‌ಗೆ ಅರ್ಧ ಅರ್ಧ ಇಂಚು ಏರಿಳಿಯುತ್ತದೆ. ಅತಿ ದೂರಕ್ಕೆ ಹೊಡೆಯುವ ಇಂದಿನ ಡ್ರೈವರ್‌ಗಳು 45 ಇಂಚು ದಾಟಿರುತ್ತವೆ. ಈ ಅರ್ಧ ಇಂಚಿನ ಮೆಟ್ಟಿಲು ಶಿಲಾಶಾಸನವೇನೂ ಅಲ್ಲ. ಎಲ್ಲ ಐರನ್‌ಗಳನ್ನೂ 37.5 ಇಂಚಿನ ಒಂದೇ ಉದ್ದದಲ್ಲಿ ಮಾಡಿಸಿಕೊಂಡ ಬ್ರೈಸನ್ ಡಿಶಾಂಬೊ 2020ರ ಯುಎಸ್ ಓಪನ್ ಗೆದ್ದರು. ನಿಯಮವು ಕಟ್ಟುವ ಮಿತಿ ಬಹಳ ವಿಶಾಲವಾಗಿದೆ: ಚೆಂಡನ್ನು ಕುಳಿಗೆ ಉರುಳಿಸುವ ಪಟರ್ ಬಿಟ್ಟು ಬೇರೆ ಯಾವ ಕ್ಲಬ್ಬೂ 48 ಇಂಚನ್ನು ಮೀರಬಾರದು, ಯಾವುದೂ 18 ಇಂಚಿಗಿಂತ ಗಿಡ್ಡವಾಗಿರಬಾರದು.

ಹೆಂಗಸರ ಸೆಟ್ಟು ಸಾಮಾನ್ಯವಾಗಿ ಒಂದು ಇಂಚು ಗಿಡ್ಡ, ಶಾಫ್ಟು ಹಗುರ ಮತ್ತು ಹೆಚ್ಚು ಬಳುಕುವಂಥದು. ಆದರೆ ಉದ್ದ ಮತ್ತು ಬಳುಕು ಬೇರೆ ಬೇರೆ ಲೆಕ್ಕಗಳು. ಎತ್ತರದ ಹೆಂಗಸರು ಪೆಟ್ಟಿಗೆಯ ಮೇಲೆ ಬರೆದದ್ದನ್ನು ಕಂಡು ಗಿಡ್ಡ ಸೆಟ್ಟನ್ನು ಒಪ್ಪಿಕೊಳ್ಳಬಾರದು, 5 ಅಡಿ 3 ಇಂಚಿನ ಗಂಡಸರು ಮುಜುಗರಪಟ್ಟುಕೊಂಡು ಉದ್ದದ ಸೆಟ್ಟನ್ನು ಹೊರಬಾರದು.

ಹೊಡೆದು ನೋಡುವ ಪರೀಕ್ಷೆ

ಟೇಪಿನ ಅಳತೆ ನಿಂತ ದೇಹದ್ದು. ಆಟವಾಡುವುದು ಚಲಿಸುವ ದೇಹ. ಮೊಣಕಾಲು ಎಷ್ಟು ಬಗ್ಗುತ್ತದೆ, ಬೆನ್ನು ಎಷ್ಟು ಬಾಗುತ್ತದೆ, ಚೆಂಡಿಗೆ ತಾಗುವ ಕ್ಷಣದಲ್ಲಿ ಕೈ ಎಷ್ಟು ಮೇಲೇಳುತ್ತದೆ ಎಂಬುದೆಲ್ಲ ಕೋಷ್ಟಕಕ್ಕೆ ತಿಳಿಯದು. ಹಾಗಾಗಿ ಕೋಷ್ಟಕ ತೋರಿಸಿದ ಉತ್ತರವನ್ನು ಮೈದಾನಕ್ಕೆ ಒಯ್ದು ಪರೀಕ್ಷಿಸಲೇಬೇಕು.

ಕ್ಲಬ್ಬು ಉದ್ದವಾಯಿತೆಂಬ ಅನುಮಾನವಿದ್ದರೆ ಅತ್ಯಂತ ಸರಳವಾದ ಪರೀಕ್ಷೆಗೆ ಕಾಸಿನ ಖರ್ಚೂ ಇಲ್ಲ. 7 ಐರನ್ನಿನ ಗ್ರಿಪ್ಪನ್ನು ಅರ್ಧ ಇಂಚು ಕೆಳಗೆ ಹಿಡಿದು ಇಪ್ಪತ್ತು ಚೆಂಡು ಹೊಡೆಯಿರಿ, ಬಳಿಕ ಮಾಮೂಲಿನ ಹಿಡಿತದಲ್ಲಿ ಇಪ್ಪತ್ತು ಹೊಡೆಯಿರಿ. ಕ್ಲಬ್ಬಿನ ಮುಖಕ್ಕೆ ತೆಳುವಾಗಿ ಟಾಲ್ಕಂ ಪೌಡರ್ ಸವರಿಕೊಂಡರೆ ಚೆಂಡು ತಾಗಿದ ಜಾಗ ಅಚ್ಚಾಗಿ ಕಾಣುತ್ತದೆ. ಕೆಳಗೆ ಹಿಡಿದಾಗ ಗುರುತುಗಳು ಮುಖದ ನಡುವೆ ಒಟ್ಟಾಗಿ ಬಿದ್ದು, ಮೇಲೆ ಹಿಡಿದಾಗ ಚದುರಿದರೆ, ಉದ್ದ ಕಡಿಮೆ ಮಾಡುವುದನ್ನು ಯೋಚಿಸಬಹುದು. ಒಂದು ದಿನದ ಫಲಿತಾಂಶವನ್ನು ನಂಬದೆ, ಎರಡು ಮೂರು ವಾರ ಹೀಗೆಯೇ ಆಡಿ ನೋಡುವಂತೆ ನಾನು ಒತ್ತಾಯಿಸುತ್ತೇನೆ. ಕತ್ತರಿಸಿದ ಶಾಫ್ಟು ಮರಳಿ ಬೆಳೆಯುವುದಿಲ್ಲ.

ಎರಡನೆಯ ಪರೀಕ್ಷೆ ಲೈ ಆಂಗಲ್‌ನದು, ಮತ್ತು ನನ್ನ ಅಭಿಪ್ರಾಯದಲ್ಲಿ ಎತ್ತರದ ಸಮಸ್ಯೆಯೆಂದು ಜನ ತಿಳಿದಿರುವುದರಲ್ಲಿ ಬಹುಪಾಲು ಇದರದೇ ಸಮಸ್ಯೆ. ಕ್ಲಬ್ಬಿನ ಅಡಿ ನೆಲದ ಮೇಲೆ ಸಮನಾಗಿ ಕೂತಾಗ ಶಾಫ್ಟು ನೆಲದೊಡನೆ ಮಾಡುವ ಕೋನವೇ ಲೈ; 7 ಐರನ್‌ನಲ್ಲಿ ಅದು ಸಾಧಾರಣವಾಗಿ 62 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಗಿಡ್ಡನೆಯ ಆಟಗಾರ ಉದ್ದದ ಕ್ಲಬ್ಬು ಹಿಡಿದಾಗ ಕೈ ತಗ್ಗಿ ಕ್ಲಬ್ಬಿನ ಮೂಗು, ಅಂದರೆ ತಲೆಯ ಹೊರತುದಿ, ಮೇಲಕ್ಕೇಳುತ್ತದೆ, ಬಲಗೈ ಆಟಗಾರನ ಚೆಂಡು ಎಡಕ್ಕೆ ಹೋಗುತ್ತದೆ. ಎತ್ತರದವನ ಕೈಯಲ್ಲಿ ಗಿಡ್ಡ ಕ್ಲಬ್ಬಿದ್ದರೆ ಮೂಗು ನೆಲಕ್ಕೆ ತಾಗಿ, ಹಿಮ್ಮಡಿ ಎದ್ದು, ಚೆಂಡು ಬಲಕ್ಕೆ ಹೋಗುತ್ತದೆ. ಲಾಫ್ಟ್, ಅಂದರೆ ಕ್ಲಬ್ಬಿನ ಮುಖ ಹಿಂದಕ್ಕೆ ವಾಲಿರುವ ಕೋನ, ಹೆಚ್ಚಾದಷ್ಟೂ ಈ ದೋಷ ಹೆಚ್ಚು ಕಾಣುವುದರಿಂದ ಹೆಚ್ಚು ಲಾಫ್ಟಿನ, ಹತ್ತಿರದ ಹೊಡೆತಗಳ ಕ್ಲಬ್ಬುಗಳಾದ ವೆಜ್‌ಗಳಲ್ಲಿ ಇದು ಬೇಗ ಗೊತ್ತಾಗುತ್ತದೆ. ತನ್ನ ಸ್ವಿಂಗ್ ಕೆಟ್ಟಿತೆಂದು ಕೊರಗುತ್ತ ವರ್ಷಗಟ್ಟಲೆ ಅದನ್ನು ತಿದ್ದುತ್ತಿರುವವರನ್ನು ನಾನು ಕಂಡಿದ್ದೇನೆ. ಅವರ ಕ್ಲಬ್ಬನ್ನು ಯಾರೂ ನೋಡಿರಲಿಲ್ಲ.

ಇದನ್ನು ತಿಳಿಯಲು ಚೆಂಡಿನ ಮೇಲೆ ದಪ್ಪನೆಯ ಮಾರ್ಕರ್‌ನಿಂದ ಒಂದು ನೇರ ಗೆರೆ ಎಳೆದು, ಗೆರೆ ಲಂಬವಾಗಿ ಕ್ಲಬ್ಬಿನ ಕಡೆಗೆ ಮುಖ ಮಾಡುವಂತೆ ಇಟ್ಟು ಹೊಡೆಯಿರಿ. ಗೆರೆಯ ಅಚ್ಚು ಕ್ಲಬ್ಬಿನ ಮುಖದ ಮೇಲೆ ಮೂಡುತ್ತದೆ. ಅದು ಮುಖದ ಅಡ್ಡಗೀರುಗಳಿಗೆ ನೇರವಾಗಿ ಲಂಬವಾಗಿದ್ದರೆ ಲೈ ಸರಿಯಿದೆ. ಅಚ್ಚಿನ ಮೇಲ್ತುದಿ ಮೂಗಿನ ಕಡೆಗೆ ವಾಲಿದ್ದರೆ ಕ್ಲಬ್ಬು ಹೆಚ್ಚು ನೆಟ್ಟಗಿದೆ, ಹಿಮ್ಮಡಿಯ ಕಡೆಗೆ ವಾಲಿದ್ದರೆ ಹೆಚ್ಚು ಮಲಗಿದೆ. ಹತ್ತು ಹೊಡೆತಗಳಲ್ಲಿ ಏಳೆಂಟು ಒಂದೇ ಕಡೆ ವಾಲಿದರೆ ಮಾತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ಮತ್ತು ಈ ಪರೀಕ್ಷೆಯನ್ನು ಇಳಿಜಾರಿನಲ್ಲಿ ಮಾಡಲೇಬೇಡಿ.

ಉದ್ದವೂ ಲೈಯೂ ಒಂದಕ್ಕೊಂದು ಕಟ್ಟಿಕೊಂಡಿವೆ. ಅರ್ಧ ಇಂಚು ಕತ್ತರಿಸಿದರೆ ಕ್ಲಬ್ಬು ಸುಮಾರು ಒಂದು ಡಿಗ್ರಿ ಮಲಗಿದಂತೆ ವರ್ತಿಸುತ್ತದೆ, ಅರ್ಧ ಇಂಚು ಸೇರಿಸಿದರೆ ಅಷ್ಟೇ ನೆಟ್ಟಗಾದಂತೆ ವರ್ತಿಸುತ್ತದೆ. ನಾನು ಒಂದೂವರೆ ಇಂಚು ತೆಗೆಸಿ ಮೂರು ಡಿಗ್ರಿಯಷ್ಟು ಮಲಗಿದ ಐರನ್‌ಗಳನ್ನು ಹಿಡಿದಿದ್ದೆ. ಚೆಂಡು ಬಲಕ್ಕೆ ಓಡಿದ್ದರಲ್ಲಿ ಆಶ್ಚರ್ಯವಿಲ್ಲ. ಪಿಂಗ್ ಕಂಪೆನಿಯ ಐರನ್‌ಗಳಲ್ಲಿ ತಲೆಯ ಮೇಲಿನ ಚುಕ್ಕಿಯ ಬಣ್ಣವೇ ಲೈಯನ್ನು ಹೇಳುತ್ತದೆ: ಕಪ್ಪು ಎಂದರೆ ಸ್ಟ್ಯಾಂಡರ್ಡ್, ನೀಲಿ ಅದಕ್ಕಿಂತ ನೆಟ್ಟಗೆ, ಕೆಂಪು ಅದಕ್ಕಿಂತ ಮಲಗಿದ್ದು. ಹಳೆಯ ಸೆಟ್ಟು ಕೊಳ್ಳುವವರು ಈ ಚುಕ್ಕಿಯನ್ನು ನೋಡದೆ ಹಣ ಕೊಡಬಾರದು.

ಲೈಯನ್ನು ಬಗ್ಗಿಸುವ ಕೆಲಸಕ್ಕೆ ಅದಕ್ಕೆಂದೇ ಇರುವ ಯಂತ್ರ ಬೇಕು. ಗ್ಯಾರೇಜಿನ ವೈಸಿನಲ್ಲಿ ಸಿಕ್ಕಿಸಿ ಪೈಪು ಹಾಕಿ ಎಳೆಸಿದರೆ ಕತ್ತು ಮುರಿಯುತ್ತದೆ, ಇಲ್ಲವೇ ಲಾಫ್ಟ್ ಕೆಡುತ್ತದೆ. ಕಾಯಿಸಿ ಬಡಿದು ಮಾಡಿದ ಮೆದು ಉಕ್ಕಿನ ತಲೆಗಳು ಸುಲಭವಾಗಿ ಬಾಗುತ್ತವೆ, ಎರಕ ಹೊಯ್ದ ಸ್ಟೇನ್‌ಲೆಸ್ ತಲೆಗಳನ್ನು ಒಂದೆರಡು ಡಿಗ್ರಿಗಿಂತ ಹೆಚ್ಚು ಬಗ್ಗಿಸಲು ಬಲ್ಲವರು ಒಪ್ಪುವುದಿಲ್ಲ. ನಾನು ಇದಕ್ಕಾಗಿ ಬೆಂಗಳೂರಿಗೆ ಹೋದೆ; ಅಳತೆ ಮತ್ತು ಪರೀಕ್ಷೆಯ ಫಲಿತಾಂಶಗಳನ್ನು ಮೊದಲೇ ಬರೆದುಕೊಂಡು ಹೋಗಿದ್ದರಿಂದ ಒಂದೇ ಬೆಳಗಿನಲ್ಲಿ ಕೆಲಸ ಮುಗಿಯಿತು.

ಕತ್ತರಿಸುವುದು, ಸೇರಿಸುವುದು

ಇಷ್ಟೆಲ್ಲ ಆದ ಮೇಲೂ ಕತ್ತರಿಸಬೇಕೆಂದು ತೀರ್ಮಾನವಾದರೆ ಮೊದಲು ಒಂದೇ ಒಂದು ಕ್ಲಬ್ಬನ್ನು, ಅದೂ ಕಾಲು ಅಥವಾ ಅರ್ಧ ಇಂಚು ಮಾತ್ರ ಕತ್ತರಿಸಿ. ಕತ್ತರಿಸುವುದು ಯಾವಾಗಲೂ ಗ್ರಿಪ್ಪಿನ ತುದಿಯಿಂದ, ತಲೆಯ ಕಡೆಯಿಂದಲ್ಲ. ಉಕ್ಕಿನ ಶಾಫ್ಟಿಗೆ ಪೈಪ್ ಕಟರ್ ಸಾಕು. ಗ್ರಾಫೈಟ್ ಶಾಫ್ಟನ್ನು ಅದರಿಂದ ಕತ್ತರಿಸಿದರೆ ನುಜ್ಜಾಗುತ್ತದೆ. ಮಾಸ್ಕಿಂಗ್ ಟೇಪನ್ನು ಬಿಗಿಯಾಗಿ ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ ನಿಧಾನವಾಗಿ ಕೊಯ್ಯಬೇಕು, ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಬೇಕು. ನಮ್ಮ ಕಡಲ ಗಾಳಿಗೆ ಉಕ್ಕಿನ ಶಾಫ್ಟಿನ ಕೊಯ್ದ ಅಂಚು ಬೇಗ ತುಕ್ಕು ಹಿಡಿಯುತ್ತದೆ, ಅಲ್ಲಿ ಕ್ರೋಮಿನ ಲೇಪನ ಇರುವುದಿಲ್ಲ. ಗ್ರಿಪ್ ಹಾಕುವ ಮೊದಲು ಅಂಚನ್ನು ಉಜ್ಜಿ ತೆಳುವಾಗಿ ವಾರ್ನಿಷ್ ಹಚ್ಚಿ ಒಣಗಿಸಿ.

ಉದ್ದ ಮಾಡಲು ಶಾಫ್ಟಿನ ತುದಿಯೊಳಗೆ ಕೂರುವ ಎಕ್ಸ್‌ಟೆನ್ಶನ್ ತುಂಡು ಸಿಗುತ್ತದೆ. ಎರಡು ಟ್ಯೂಬಿನ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಅಂಟಿನಲ್ಲಿ ಅದನ್ನು ಕೂರಿಸಿ ಒಂದು ಹಗಲು ಒಂದು ರಾತ್ರಿ ಮುಟ್ಟದೆ ಬಿಡಬೇಕು. ಆಟಿಯ ಮಳೆಯಲ್ಲಿ ಈ ಕೆಲಸ ಮಾಡುವವರು ಶಾಫ್ಟಿನ ಒಳಭಾಗವನ್ನು ಚೆನ್ನಾಗಿ ಒರೆಸಿ ಒಣಗಿಸಿದ ಮೇಲೆಯೇ ಅಂಟು ಹಾಕಲಿ, ತೇವದ ಮೇಲೆ ಅಂಟು ಹಿಡಿಯದು. ಒಂದು ಇಂಚಿಗಿಂತ ಹೆಚ್ಚು ಉದ್ದ ಬೇಕಾದವರು ಶಾಫ್ಟನ್ನೇ ಬದಲಿಸುವುದು ಕ್ಷೇಮ.

ಉದ್ದ ಬದಲಾದೊಡನೆ ಸ್ವಿಂಗ್ ವೇಟ್, ಅಂದರೆ ಬೀಸುವಾಗ ಕೈಗೆ ತಿಳಿಯುವ ತಲೆಯ ಭಾರ, ಬದಲಾಗುತ್ತದೆ; ವರ್ಕ್‌ಶಾಪಿನವರಿಗೆ ಇದು ತಿಳಿದಿರುವುದು ಅಪರೂಪ. ಅರ್ಧ ಇಂಚಿಗೆ ಸುಮಾರು ಮೂರು ಪಾಯಿಂಟ್ ಏರುಪೇರಾಗುತ್ತದೆ. ಅಕ್ಷರ ಮತ್ತು ಅಂಕೆಯಲ್ಲಿ ಬರೆಯುವ ಈ ಅಳತೆಯಲ್ಲಿ (ಸಿ9 ಆದ ಮೇಲೆ ಡಿ0) ಡಿ2 ಇದ್ದ ಕ್ಲಬ್ಬು ಒಂದು ಇಂಚು ಕಳೆದುಕೊಂಡರೆ ಸಿ6ಕ್ಕೆ ಇಳಿಯುತ್ತದೆ. ತಲೆಗೆ ಎರಡು ಗ್ರಾಂ ಸೇರಿಸಿದರೆ ಒಂದು ಪಾಯಿಂಟ್ ಮರಳುತ್ತದೆ, ಆದ್ದರಿಂದ ಅರ್ಧ ಇಂಚು ಕತ್ತರಿಸಿದವರು ಸೀಸದ ಟೇಪನ್ನು ಸುಮಾರು ಆರು ಗ್ರಾಂ ತೂಗಿ ತಲೆಯ ಹಿಂಭಾಗಕ್ಕೆ ಅಂಟಿಸಿ ಆಡಿ ನೋಡಬೇಕು.

ಹೇಗೂ ಗ್ರಿಪ್ ಹೊಸದಾಗಿ ಹಾಕಬೇಕಾಗುವುದರಿಂದ ಅದರ ದಪ್ಪವನ್ನೂ ನೋಡಿಕೊಳ್ಳಿ. ಎಡಗೈಯಲ್ಲಿ ಹಿಡಿದಾಗ ಮಧ್ಯದ ಎರಡು ಬೆರಳುಗಳ ತುದಿ ಹೆಬ್ಬೆರಳಿನ ಬುಡದ ಮಾಂಸಕ್ಕೆ ಮೆಲ್ಲಗೆ ತಾಗುವಂತಿದ್ದರೆ ಸರಿ. ದ್ವಿಮುಖ ಟೇಪನ್ನು ತೋಯಿಸಲು ಪೇಂಟಿನ ಅಂಗಡಿಯ ಮಿನರಲ್ ಟರ್ಪೆಂಟೈನ್ ಸಾಕು. ಸೀಮೆಎಣ್ಣೆ ಬೇಡ, ಅದರ ಜಿಡ್ಡು ಉಳಿದು ಗ್ರಿಪ್ ತಿರುಗುತ್ತದೆ. ಬೆವರುವ ನಮ್ಮ ಹವೆಗೆ ನೂಲು ಸೇರಿಸಿದ ಕಾರ್ಡ್ ಗ್ರಿಪ್ ಹೆಚ್ಚು ಹಿಡಿತ ಕೊಡುತ್ತದೆ.

ಪಟರ್‌ಗೆ ಈ ಲೆಕ್ಕ ಯಾವುದೂ ಹೊಂದದು. ಪಟ್ ಮಾಡುವ ಭಂಗಿಯಲ್ಲಿ ನಿಂತು ಕಣ್ಣುಗಳ ನಡುವಿನಿಂದ ಒಂದು ಚೆಂಡನ್ನು ಕೆಳಗೆ ಬಿಡಿ. ಅದು ಇಟ್ಟ ಚೆಂಡಿನ ಮೇಲೆಯೋ, ಅದರ ಸ್ವಲ್ಪ ಒಳಬದಿಗೋ ಬಿದ್ದರೆ ಆ ಭಂಗಿಯಲ್ಲಿ ಕೈ ಇರುವ ಎತ್ತರವೇ ನಿಮ್ಮ ಪಟರ್‌ನ ಉದ್ದವನ್ನು ಹೇಳುತ್ತದೆ.

ಮಕ್ಕಳಿಗೆ ದೊಡ್ಡವರ ಕ್ಲಬ್ಬನ್ನು ಕತ್ತರಿಸಿ ಕೊಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಉದ್ದ ಕಡಿಮೆಯಾದರೂ ತಲೆಯ ತೂಕ ಹಾಗೆಯೇ ಉಳಿಯುತ್ತದೆ, ಶಾಫ್ಟು ಕಬ್ಬಿಣದ ಸಲಾಕೆಯಂತೆ ಗಡುಸಾಗುತ್ತದೆ, ಅದನ್ನು ಎತ್ತಲು ಮಗು ಇಡೀ ಮೈಯನ್ನು ತಿರುಚುವ ಅಭ್ಯಾಸ ಮಾಡಿಕೊಳ್ಳುತ್ತದೆ. ಮಕ್ಕಳ ಕ್ಲಬ್ಬುಗಳು ಎತ್ತರಕ್ಕೆ ತಕ್ಕಂತೆ ಬೇರೆಯೇ ಸಿಗುತ್ತವೆ. ಯುಎಸ್ ಕಿಡ್ಸ್ ಕಂಪೆನಿಯದರಲ್ಲಿ ಪ್ರತಿ ಮೂರು ಇಂಚಿನ ಬೆಳವಣಿಗೆಗೆ ಒಂದು ಸೈಜ್ ಇದೆ. ಮೂರು ನಾಲ್ಕು ಕ್ಲಬ್ಬು ಸಾಕು, ಪೂರ್ತಿ ಸೆಟ್ಟು ಬೇಕಾಗಿಲ್ಲ. ಎತ್ತರವನ್ನು ಬಾಗಿಲ ದಾರಂದದಲ್ಲಿ ಪೆನ್ಸಿಲಿನಿಂದ ಗುರುತು ಹಾಕುವ ಮನೆಗಳಲ್ಲಿ ಅದೇ ದಿನ ಮಣಿಕಟ್ಟಿನ ಗುರುತನ್ನೂ ಪಕ್ಕದಲ್ಲಿ ಹಾಕಿಟ್ಟು, ಆರು ತಿಂಗಳಿಗೊಮ್ಮೆ ನೋಡಿಕೊಳ್ಳಿ. ಮಗು ಬಿಟ್ಟ ಸೈಜನ್ನು ಪಿಲಿಕುಳಕ್ಕೆ ಬರುವ ಇನ್ನೊಂದು ಮಗುವಿಗೆ ದಾಟಿಸಬಹುದು.