ಸಾಗರದ ಬೇಸಿಗೆ, ಐದು ಶುಭಾಶಯ ಪತ್ರಗಳು

ಕೈಯಾರೆ ಗ್ರೀಟಿಂಗ್ ಕಾರ್ಡು ಮಾಡುವ ಹುಚ್ಚು ಹತ್ತಿಸಿಕೊಂಡ ನಾವು ಐವರು ಗೆಳತಿಯರು ಕೆಲವು ವರ್ಷಗಳ ಹಿಂದೆ ಒಂದು ಕರಾರು ಮಾಡಿಕೊಂಡೆವು. ಬೇಸಿಗೆಯಲ್ಲಿ ಯಾರು ಯಾವ ಊರಿಗೆ ಹೋದರೂ ಉಳಿದ ನಾಲ್ವರಿಗೆ ಅಲ್ಲಿಂದಲೇ ಒಂದೊಂದು ಕಾರ್ಡು ಹೊರಡಬೇಕು, ಅದು ಅಲ್ಲಿಯೇ ತಯಾರಾಗಿರಬೇಕು, ಆ ಊರಿನ ಅಂಚೆ ಮುದ್ರೆಯೂ ಅದರ ಲಕೋಟೆಯ ಮೇಲೆ ಬಿದ್ದಿರಬೇಕು. ಮನೆಗೆ ಮರಳಿದ ಮೇಲೆ ಮಾಡಿದ ಕಾರ್ಡು ಅಚ್ಚುಕಟ್ಟಾಗಿರುತ್ತದೆ, ಒಪ್ಪುತ್ತೇನೆ. ಆದರೆ ಅಷ್ಟರಲ್ಲಿ ಕಂಡದ್ದೆಲ್ಲ ಫೋನಿನೊಳಗೆ ಸೇರಿಹೋಗಿ, ಕೈ ಮಾತ್ರ ರೂಢಿಯ ಗುಡ್ಡ, ಸೂರ್ಯ, ತೆಂಗಿನಮರಗಳನ್ನೇ ಬರೆಯತೊಡಗುತ್ತದೆ. 2024ರ ಏಪ್ರಿಲ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಸುತ್ತ ನಾಲ್ಕು ದಿನ ತಿರುಗಿದಾಗ ನಾನು ಮಾಡಿದ್ದನ್ನೂ ಕೆಡಿಸಿದ್ದನ್ನೂ ಇಲ್ಲಿ ಬರೆದಿದ್ದೇನೆ.

ಮನೆಯಲ್ಲಿ ಮಾಡಿಕೊಂಡ ಸಿದ್ಧತೆ ಕಾಗದದ್ದು ಮಾತ್ರ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ 250 ಜಿಎಸ್ಎಂ, ಅಂದರೆ ಚದರ ಮೀಟರಿಗೆ 250 ಗ್ರಾಂ ತೂಗುವ, ಇಟ್ಟಿಗೆಗೆಂಪಿನ ಹಾಳೆ ಕೊಂಡು, ಎ5 ಅಳತೆಗೆ ಕತ್ತರಿಸಿ, ಶಾಯಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ನಡುವೆ ಗೀರೆಳೆದು ಅರ್ಧಕ್ಕೆ ಮಡಿಸಿದೆ. ಹೀಗೆ ಮಡಿಸಿದ ಒಂದು ಕಾರ್ಡು ಸುಮಾರು 8 ಗ್ರಾಂ ತೂಗುತ್ತದೆ; ಲಕೋಟೆ ಸೇರಿದರೂ 12 ದಾಟುವುದಿಲ್ಲ. 20 ಗ್ರಾಂವರೆಗಿನ ಪತ್ರಕ್ಕೆ 5 ರೂಪಾಯಿಯ ಅಂಚೆಚೀಟಿ ಸಾಕಾಗುವುದರಿಂದ, ಒಳಗೆ ಏನಾದರೂ ಅಂಟಿಸಲು ಇನ್ನೂ 8 ಗ್ರಾಂನಷ್ಟು ಅವಕಾಶ ಉಳಿಯುತ್ತದೆ. ಈ ಲೆಕ್ಕ ನನಗೆ ಸುಮ್ಮನೆ ಬಂದದ್ದಲ್ಲ. ಹಿಂದಿನ ವರ್ಷ ದೊಡ್ಡ ಹಾಳೆಯಲ್ಲಿ ಮಾಡಿ ಕಳಿಸಿದ ಕಾರ್ಡನ್ನು ಗೆಳತಿಯೊಬ್ಬಳು ದಂಡ ತೆತ್ತು ಬಿಡಿಸಿಕೊಳ್ಳಬೇಕಾಗಿ ಬಂದಿತ್ತು.

ಇಟ್ಟಿಗೆಗೆಂಪನ್ನೇ ಆರಿಸಿದ್ದಕ್ಕೆ ಕಾರಣ ಚಿತ್ತಾರ. ಸಾಗರ, ಸೊರಬ, ಸಿದ್ದಾಪುರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಮದುವೆಗೆ ಮುಂಚೆ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಮದುವೆಗಳು ಹೆಚ್ಚಾಗಿ ಬೇಸಿಗೆಯಲ್ಲೇ ನಡೆಯುವುದರಿಂದ ಆಗ ಹೋದವರಿಗೆ ಹಸಿ ಆರದ ಚಿತ್ತಾರ ನೋಡುವ ಯೋಗವಿರುತ್ತದೆ. ಪರಿಚಯದವರ ಮೂಲಕ ಅಂಥ ಒಂದು ಮನೆಗೆ ಹೋಗಿ, ಚಿತ್ತಾರ ಬರೆಯುತ್ತಿದ್ದ ಹಿರಿಯರ ಪಕ್ಕದಲ್ಲಿ ಒಂದು ಮಧ್ಯಾಹ್ನವಿಡೀ ಕುಳಿತೆ. ಅಕ್ಕಿ ನೆನೆಸಿ ರುಬ್ಬಿದ ಬಿಳಿ, ಕರಿಕಾಗುವ ತನಕ ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಇವೇ ಅವರ ಬಣ್ಣಗಳು. ಪುಂಡಿ ನಾರಿನದು ಕುಂಚ. ಕೂದಲಿನ ಕುಂಚದಂತೆ ಅದು ಬಾಗಿ ಬಳುಕುವುದಿಲ್ಲ, ಗೆರೆಯ ಗಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ಇರುತ್ತದೆ. ನಾನು ರೂಢಿಯಂತೆ ಕುಂಚವನ್ನು ಒತ್ತಿದ್ದನ್ನು ಕಂಡು, “ಒತ್ತಬ್ಯಾಡ ತಂಗಿ, ಸುಮ್ನೆ ಎಳಿ” ಎಂದರು. ಗೋಡೆಯ ಚಿತ್ತಾರವನ್ನು ಇಡಿಯಾಗಿ ಕಾರ್ಡಿಗೆ ಇಳಿಸಲು ಹೋಗಲಿಲ್ಲ. ಅದಕ್ಕೆ ಅದರದೇ ಜಾಗ, ಅದರದೇ ಸಂದರ್ಭ ಇದೆ. ಅವರನ್ನು ಕೇಳಿ, ಅಂಚಿನ ಒಂದು ಪಟ್ಟಿಯನ್ನು ಮಾತ್ರ ತೆಗೆದುಕೊಂಡೆ, ಎಲ್ಲಿ ಯಾರಿಂದ ಕಲಿತದ್ದೆಂದು ಪ್ರತಿ ಕಾರ್ಡಿನ ಬೆನ್ನಿಗೂ ಬರೆದೆ.

ಅಕ್ಕಿಹಿಟ್ಟಿನ ಬಣ್ಣ ಗೋಡೆಯ ಮಣ್ಣಿಗೆ ಕಚ್ಚಿಕೊಳ್ಳುವಂತೆ ಕಾಗದಕ್ಕೆ ಕಚ್ಚಿಕೊಳ್ಳುವುದಿಲ್ಲ ಎಂಬುದು ಮರುದಿನ ಬೆಳಿಗ್ಗೆ ತಿಳಿಯಿತು. ಒಣಗಿದ ಬಿಳಿಗೆರೆಗಳು ಕಾರ್ಡು ತೆರೆದೊಡನೆ ಹಕ್ಕಳೆಯಾಗಿ ಉದುರಿದವು, ಅದರಲ್ಲೂ ಮಡಿಕೆಯ ಮೇಲೆ ಹಾದುಹೋದವು ಪೂರ್ತಿ. ಒಂದು ಚಮಚ ಬಣ್ಣಕ್ಕೆ ನಾಲ್ಕಾರು ಹನಿ ಗೋಂದು ಬೆರೆಸಿ, ಮಡಿಕೆಯಿಂದ ಒಂದು ಬೆರಳು ದೂರ ಬಿಟ್ಟು ಮತ್ತೆ ಬರೆದ ಮೇಲೆ ನಿಂತಿತು. ಗುರಿಗೆಯ ಹಳದಿ ಕೆಂಪು ಕಾಗದದ ಮೇಲೆ ಕಾಣಲೇ ಇಲ್ಲ, ಅದನ್ನು ಕೈಬಿಟ್ಟೆ.

ಜೋಗಕ್ಕೂ ಹೋಗಿದ್ದೆ. ಶುಭಾಶಯ ಪತ್ರಗಳಲ್ಲಿ ಅಚ್ಚಾಗುವುದು ಮಳೆಗಾಲದ ಜೋಗ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗಿನಿಂದ ಶರಾವತಿಯ ನೀರು ಮೇಲೆಯೇ ನಿಲ್ಲುತ್ತದೆ, ಏಪ್ರಿಲ್‌ನಲ್ಲಿ ರಾಜ, ರಾಣಿ, ರೋರರ್, ರಾಕೆಟ್‌ಗಳನ್ನು ಹುಡುಕಿ ನೋಡಬೇಕಾಗುತ್ತದೆ. ಆದರೆ 253 ಮೀಟರ್ ಎತ್ತರದ ಬಂಡೆಯ ಮೈ ಪೂರ್ತಿ ಕಾಣುವುದು ಆಗಲೇ. ಕಾರ್ಡಿನ ಒಳಬದಿಯಲ್ಲಿ ಇದ್ದಿಲಿನಿಂದ ಬಂಡೆ ಬರೆದು, ನೀರಿಗೆ ಬದಲು ಒಂದೇ ಒಂದು ಬಿಳಿ ನೂಲನ್ನು ಹೊಲಿದೆ. ನಾಲ್ಕು ದಿನದಲ್ಲಿ ನನಗೆ ತೃಪ್ತಿ ಕೊಟ್ಟ ಕೆಲಸ ಅದೊಂದೇ.

ಕೆಟ್ಟದ್ದು ಟಿಕೆಟ್ಟು. ಪ್ರವಾಸದ ಗುರುತಿಗೆಂದು ಬಸ್ಸಿನ ಟಿಕೆಟ್ಟುಗಳನ್ನು ಕಾರ್ಡಿನೊಳಗೆ ಅಂಟಿಸಿದ್ದೆ. ಈಗಿನವು ಶಾಯಿಯವಲ್ಲ, ಬಿಸಿ ತಾಗಿ ಅಕ್ಷರ ಮೂಡುವ ಕಾಗದದವು ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ದೀಪಾವಳಿಯ ಹೊತ್ತಿಗೆ ಧಾರವಾಡದ ಗೆಳತಿ ಫೋನು ಮಾಡಿ, “ಅಕ್ಕಾ, ಖಾಲಿ ಚೀಟಿ ಯಾಕ ಅಂಟಿಸೀರಿ?” ಎಂದು ಕೇಳಿದಳು. ಈಗ ಟಿಕೆಟ್ಟಿನಲ್ಲಿರುವುದನ್ನು ಪೆನ್ಸಿಲ್ಲಿನಲ್ಲಿ ಕಾರ್ಡಿನ ಮೇಲೆಯೇ ನಕಲು ಮಾಡುತ್ತೇನೆ. ಹೂವಿನಲ್ಲಿ ಅಷ್ಟು ಮೋಸವಾಗಲಿಲ್ಲ: ಮುತ್ತುಗದ ದಪ್ಪ ಎಸಳು ಪುಸ್ತಕದ ನಡುವೆಯೇ ಕಂದಿತಾದರೂ, ಕಾಗದದ ಹೂ ಹೆಸರಿಗೆ ತಕ್ಕಂತೆ ಎರಡೇ ದಿನದಲ್ಲಿ ಬಣ್ಣಗೆಡದೆ ಒಣಗಿ ಕುಳಿತಿತು. ಒಣಗಿದ ಮೇಲೂ ಪರಿಮಳ ಕಳೆದುಕೊಳ್ಳದ ಸುರಗಿಯನ್ನು ಪ್ರತಿ ಕಾರ್ಡಿಗೆ ಎರಡರಂತೆ ಹಾಕಿದೆ.

ಆ ವರ್ಷ ಕುಂದಾಪುರದ ಗೆಳತಿ ಮರವಂತೆಯಿಂದ ಕಳಿಸಿದ ಕಾರ್ಡನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತೆಂದು ಹೇಳಲೇಬೇಕು. ನಡುವೆ ಒಂದು ಕಪ್ಪು ಪಟ್ಟಿ, ಎಡಕ್ಕೊಂದು ನೀಲಿ, ಬಲಕ್ಕೊಂದು ಹಸಿರುನೀಲಿ, ಅಷ್ಟೇ. ಹೆದ್ದಾರಿ, ಸಮುದ್ರ, ಸೌಪರ್ಣಿಕಾ. ನನ್ನ ನೂಲಿನ ಜೋಗಕ್ಕಿಂತ ಅದು ಒಂದು ಕೈ ಮೇಲು.

ಪ್ರತಿ ಪ್ರವಾಸದಲ್ಲೂ ಐದನೆಯ ಕಾರ್ಡನ್ನು ನನ್ನ ವಿಳಾಸಕ್ಕೇ ಹಾಕಿಕೊಳ್ಳುತ್ತೇನೆ. ದಾರಿಯಲ್ಲಿ ಕಾರ್ಡು ಏನಾಗುತ್ತದೆಂದು ತಿಳಿಯಲು ಬೇರೆ ಉಪಾಯವಿಲ್ಲ. ಹಳ್ಳಿಯ ಅಂಚೆ ಕಚೇರಿಯಲ್ಲಿ ಐದೂ ಲಕೋಟೆಗಳನ್ನು ಕೈಯಲ್ಲೇ ಕೊಟ್ಟು, ಉಬ್ಬಿದ ಕಡೆ ಬಿಟ್ಟು ಮುದ್ರೆ ಹಾಕುವಂತೆ ಕೇಳಿಕೊಂಡೆ. “ಅಮ್ಮಾ, ಇದರಲ್ಲಿ ಕಳಿಸೋರೂ ನೀವೇ, ತಗೊಳ್ಳೋರೂ ನೀವೇ ಇದ್ದೀರಲ್ಲ” ಎಂದು ಅಲ್ಲಿದ್ದವರು ನಕ್ಕರು. ಆರನೆಯ ದಿನ ಅದು ಮನೆಗೆ ಬಂದಾಗ ಚಿತ್ತಾರ ಉದುರಿರಲಿಲ್ಲ, ನೂಲು ಬಿಚ್ಚಿರಲಿಲ್ಲ. ಒಳಗಿನ ಎರಡು ಸುರಗಿಗಳು ಮಾತ್ರ ಚಪ್ಪಟೆಯಾಗಿ, ಲಕೋಟೆಯ ಮೇಲೆ ನನ್ನ ಪಿನ್‌ಕೋಡಿನ ಕೊನೆಯ ಮೂರು ಅಂಕಿಗಳ ಸುತ್ತ ಕಂದು ಕಲೆ ಮೂಡಿಸಿದ್ದವು. ಕುಂದಾಪುರದವಳು ಅದೇ ದಿನ ಫೋನು ಮಾಡಿ, ಲಕೋಟೆ ಒಡೆಯುವ ಮೊದಲೇ ಸುರಗಿ ಎಂದು ಗೊತ್ತಾಯಿತು ಎಂದಳು.